ಹೊಸ ಮೊಣಕಾಲಿಗೆ ತೊಡೆಯ ತಯಾರಿ

ಮೊಣಕಾಲು ಬದಲಿಸುವ ದಿನಾಂಕ ಗೊತ್ತಾಯಿತೆಂದರೆ ವಿಜಯಪುರದ ನಮ್ಮ ಮನೆಗಳಲ್ಲಿ ಮೊದಲು ಹೊರಸು ಸಿದ್ಧವಾಗುತ್ತದೆ. ‘ಹೇಗೂ ಹೊಸ ಮೊಣಕಾಲು ಬರುತ್ತದೆ, ಅಲ್ಲಿಯವರೆಗೆ ಸುಮ್ಮನೆ ಮಲಗು ಅವ್ವ’ ಎನ್ನುವುದು ಮಕ್ಕಳ ಅಕ್ಕರೆ. ಈ ಅಕ್ಕರೆಯೇ ಆಮೇಲೆ ಕಾಡುತ್ತದೆ. ವೈದ್ಯರು ಸವೆದ ಕೀಲಿಗೆ ಲೋಹ, ಪ್ಲಾಸ್ಟಿಕ್ ಕೂರಿಸಬಹುದು. ಅದನ್ನು ನಡೆಸುವ ತೊಡೆಯ ಸ್ನಾಯು ಮಾತ್ರ ಹಳೆಯದೇ. ಶಸ್ತ್ರಚಿಕಿತ್ಸೆಯಾದ ಮೊದಲ ವಾರಗಳಲ್ಲಿ ಅದು ಹೇಗಿದ್ದರೂ ಸೊರಗುತ್ತದೆ. ಮೊದಲೇ ಬತ್ತಿದ್ದರೆ ಚೇತರಿಕೆ ಇನ್ನಷ್ಟು ನಿಧಾನ.

ಹಾಗಾಗಿ ಶಸ್ತ್ರಚಿಕಿತ್ಸೆಗೆ 4ರಿಂದ 6 ವಾರ ಮೊದಲೇ, ವೈದ್ಯರನ್ನು ಅಥವಾ ಫಿಸಿಯೋಥೆರಪಿಸ್ಟರನ್ನು ಕೇಳಿ ತೊಡೆಯ ವ್ಯಾಯಾಮ ಶುರು ಮಾಡಿ. ಹೃದಯದ ತೊಂದರೆ ಇದ್ದವರು ಕೇಳದೆ ಮಾಡಲೇಬೇಡಿ.

ಮೊದಲಿಗೆ ಬೇಕಿರುವುದು ಒಂದು ಟವೆಲ್. ಮಂಚದ ಮೇಲೆ ಕಾಲು ಚಾಚಿ, ಸುರುಳಿ ಸುತ್ತಿದ ಟವೆಲನ್ನು ಮೊಣಕಾಲಿನ ಕೆಳಗಿಡಿ. ಮೊಣಕಾಲಿನಿಂದ ಅದನ್ನು ಒತ್ತಿ, ಐದು ಎಣಿಸಿ, ಬಿಡಿ. ತೊಡೆಯ ಮೇಲೆ ಅಂಗೈ ಇಟ್ಟು ನೋಡಿ: ನಾದಿದ ಹಿಟ್ಟಿನಂತಿದ್ದ ಮಾಂಸಖಂಡ ಬಿಗಿಯಾಗಬೇಕು. ಹತ್ತು ಸಲ, ದಿನಕ್ಕೆ ಎರಡು ಹೊತ್ತು. ಉಸಿರು ಕಟ್ಟಬೇಡಿ.

ನಂತರ ಅಂಗಾತ ಮಲಗಿ, ಒಳ್ಳೆಯ ಕಾಲನ್ನು ಮಡಿಚಿ, ನೋಯುವ ಕಾಲನ್ನು ನೇರವಾಗಿಯೇ ಒಂದು ಗೇಣು ಎತ್ತಿ ಇಳಿಸಿ. ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತ ಮೊಣಕಾಲು ಮಡಿಚಿ, ಚಾಚಿ.

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಉಪಯೋಗದ್ದು ಕುರ್ಚಿ. ಗೋಡೆಗೆ ತಾಗಿಸಿದ ಗಟ್ಟಿ ಕುರ್ಚಿಯಿಂದ ಎದ್ದು, ನಿಧಾನವಾಗಿ ಕುಳಿತುಕೊಳ್ಳಿ. ದೊಪ್ಪನೆ ಕುಳಿತರೆ ಅದು ಲೆಕ್ಕಕ್ಕಿಲ್ಲ. ಕುರ್ಚಿ ತಗ್ಗಾಗಿದ್ದರೆ ಮಡಿಚಿದ ಚಾದರ ಹಾಕಿ; ಮೊದಮೊದಲು ಕೈಯೂರಿ ಏಳಬಹುದು. ಆಪರೇಷನ್ ಆದ ದಿನವೋ ಮರುದಿನವೋ ನಿಮ್ಮಿಂದ ಮಾಡಿಸುವುದೂ ಇದನ್ನೇ. ಈ ತಯಾರಿಯ ಲಾಭ ಹೆಚ್ಚಾಗಿ ಮೊದಲ ಕೆಲವು ವಾರಗಳದ್ದು, ವರ್ಷ ಕಳೆದ ಮೇಲೆ ವ್ಯತ್ಯಾಸ ಅಷ್ಟಾಗಿ ಉಳಿಯುವುದಿಲ್ಲ ನಿಜ. ಆದರೆ ನಡುರಾತ್ರಿ ಬಚ್ಚಲಿಗೆ ಹೋಗಲು ಸೊಸೆಯನ್ನು ಎಬ್ಬಿಸಬೇಕಾಗುವುದು ಆ ವಾರಗಳಲ್ಲೇ.

ನಡಿಗೆ ಸಮತಟ್ಟಾದ ಕಡೆ ಇರಲಿ. ಬೆಳಗಿನ ತಂಪಿನಲ್ಲಿ ಗೋಳಗುಮ್ಮಟದ ಉದ್ಯಾನದ ದಾರಿ ಸಾಕು. ಪಿಸುಗುಟ್ಟುವ ಗ್ಯಾಲರಿಯ ಕಡಿದಾದ ಮೆಟ್ಟಿಲು ಸದ್ಯಕ್ಕೆ ಮೊಮ್ಮಕ್ಕಳಿಗಿರಲಿ.

ವ್ಯಾಯಾಮದ ಹೊತ್ತಿನಲ್ಲಿ ಸಣ್ಣ ನೋವು ಸಹಜ. ಮರುದಿನ ಬೆಳಿಗ್ಗೆಯೂ ಊತ, ನೋವು ಹೆಚ್ಚಿದ್ದರೆ ಅರ್ಧಕ್ಕೆ ಇಳಿಸಿ. ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ನಿಲ್ಲಿಸಿ, ಅಂದೇ ವೈದ್ಯರಿಗೆ ತೋರಿಸಿ.

ಇನ್ನೊಂದು ಮಾತು, ರೊಟ್ಟಿಯದು. ನೆಲದ ಮೇಲೆ ಕುಳಿತು ಬಡಿಯುವವರು ಅಡುಗೆ ಕಟ್ಟೆಯ ಮುಂದೆ ನಿಂತು ಬಡಿಯುವುದನ್ನು ಈಗಿನಿಂದಲೇ ರೂಢಿ ಮಾಡಿಕೊಳ್ಳಿ. ಮೊದಲ ನಾಲ್ಕು ದಿನ ರೊಟ್ಟಿ ದುಂಡಗೆ ಬರುವುದಿಲ್ಲ.