ಪಾರ್ಟಿ ಜಗಳ ಇಲ್ದೆ ಧರ್ಮಕೇಂದ್ರದಲ್ಲಿ ರಾಜಕೀಯ ಮಾತಾಡೋದು ಹೆಂಗೆ

ಎಲೆಕ್ಷನ್ ಹತ್ರ ಬಂತು ಅಂದ್ರೆ ದಾವಣಗೆರೆ, ಹರಿಹರ, ಚಿತ್ರದುರ್ಗ ಎಲ್ಲಾ ಕಡೆ ಧರ್ಮಕೇಂದ್ರದಲ್ಲಿ, ಅಂದ್ರೆ ಪ್ಯಾರಿಷ್ ಚರ್ಚಲ್ಲಿ, ಭಾನುವಾರ ಪೂಜೆ ಮುಗಿಸ್ಕೊಂಡು ಹೊರಗೆ ಬಂದ ನಮ್ಮ ಕಥೋಲಿಕರ ಬಾಯಲ್ಲಿ ಅದೇ ಮಾತು, ನಮ್ಮೋರು ಈ ಸಲ ಯಾರಿಗೆ ಹಾಕ್ತಾರೆ, ಗೆದ್ರೆ ನಮಗೆ ಏನ್ ಮಾಡ್ಕೊಡ್ತಾರಂತೆ. ಕಾಂಪೌಂಡ್ ಗೋಡೆ, ಸಮುದಾಯ ಭವನ, ಸ್ಮಶಾನಕ್ಕೆ ಜಾಗ. ಸ್ಮಶಾನ ಕೇಳೋದು ತಪ್ಪು ಅಂತ ನಾನು ಯಾವತ್ತೂ ಹೇಳಲ್ಲ, ಮಣ್ಣು ಮಾಡೋಕೆ ಜಾಗ ಇಲ್ದೆ ಅಲೆಯೋ ಮನೆಯವರ ಸಂಕಟ ಸಣ್ಣದಲ್ಲ. ಆದ್ರೆ ಕಥೋಲಿಕರ ರಾಜಕೀಯ ಅಷ್ಟಕ್ಕೇ ನಿಂತುಬಿಟ್ರೆ ನಮ್ಮ ವಿಶ್ವಾಸಕ್ಕೆ ನಾವೇ ಬೇಲಿ ಹಾಕ್ಕೊಂಡಂಗೆ. ಲೋಕದ ಕಥೋಲಿಕ ಬಿಷಪ್ಪರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಕೊಟ್ಟ ಗೌದಿಯುಂ ಎತ್ ಸ್ಪೆಸ್ ದಾಖಲೆಯ 26ನೇ ಪ್ಯಾರಾ ಓದಿ ನೋಡ್ರಿ, ಒಂದೊಂದು ಗುಂಪೂ ಬೇರೆ ಗುಂಪುಗಳ ಅಗತ್ಯ ಏನು, ಅವರ ನ್ಯಾಯವಾದ ಆಸೆ ಏನು ಅನ್ನೋದನ್ನ ಲೆಕ್ಕಕ್ಕೆ ತಗೋಬೇಕು, ಇಡೀ ಮಾನವ ಕುಟುಂಬದ ಹಿತ ನೋಡ್ಬೇಕು ಅಂತ ಅಲ್ಲೈತೆ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ಶೇ. 1.87. ಇಷ್ಟು ಕಮ್ಮಿ ಇರೋ ನಾವು ವೋಟಿನ ಸಂಖ್ಯೆ ತೋರಿಸಿ ಕೇಳೋಕೆ ಹೋದ್ರೆ ಯಾರು ಲೆಕ್ಕಕ್ಕಿಡ್ತಾರೆ, ಅದೇ ಊರಿಗೆ ಬೇಕಾದದ್ದನ್ನ ಕೇಳಿದ್ರೆ ಊರೇ ಜೊತೆಗೆ ನಿಲ್ಲುತ್ತೆ.

ಹಂಗಾಗಿ ಅಕ್ಕಪಕ್ಕದ ಕಥೋಲಿಕ ಮನೆಯವರು ಪ್ರಾರ್ಥನೆಗೆ ಸೇರೋ ಕಿರು ಸಮುದಾಯದ ಕೂಟದಲ್ಲೇ ಇದನ್ನ ಶುರು ಮಾಡ್ರಿ. ಹತ್ತು ಹನ್ನೆರಡು ಮನೆ ಸಾಕು, ಯಾರದಾದ್ರೂ ಮನೆ ಪಡಸಾಲೆ, ಜಪಸರ ಮುಗಿದ ಮೇಲೆ ಒಂದು ಗಂಟೆ. ಚರ್ಚಿನ ಬಲಿಪೀಠದ ಹತ್ರ ಬೇಡ, ಪೂಜೆ ನಡುವೆ ಫಾದರ್ ಮಾಡೋ ಪ್ರಬೋಧನೆ ಟೈಮಲ್ಲಂತೂ ಬೇಡವೇ ಬೇಡ. ಫಾದರ್ ಬಂದ್ರೆ ಕೂತು ಕೇಳ್ಲಿ, ಧರ್ಮಸಭೆಯ, ಅಂದ್ರೆ ಕಥೋಲಿಕ ಚರ್ಚಿನ, ಬೋಧನೆ ಏನು ಅಂತ ಬಿಡಿಸಿ ಹೇಳ್ಲಿ, ಆದ್ರೆ ಇಂಥವರಿಗೆ ಹಾಕ್ರಿ ಅಂತ ಅವರ ಬಾಯಿಂದ ಹೇಳಿಸೋಕೆ ಹೋಗಬೇಡ್ರಿ. ಗುರುಗಳು, ಅಂದ್ರೆ ಫಾದರ್‌ಗಳು, ಸರ್ಕಾರದಲ್ಲಿ ಅಧಿಕಾರದ ಹುದ್ದೆ ಹಿಡಿಯೋದನ್ನ ಧರ್ಮಸಭೆಯ ಕಾನೂನಿನ 285ನೇ ನಿಯಮ ತಡೆಯುತ್ತೆ, ಪಕ್ಷಗಳಲ್ಲಿ ಸಕ್ರಿಯವಾಗಿ ತೊಡಗಬಾರದು ಅನ್ನೋದು 287ರಲ್ಲೈತೆ. ಆ ಕೆಲಸ ನಮ್ಮಂಥ ಸಂಸಾರಸ್ಥರದ್ದು. ದೇಶದ ಕಾನೂನೂ ಒಂದು ಐತೆ, 1951ರ ಜನಪ್ರಾತಿನಿಧ್ಯ ಕಾಯ್ದೆ 123(3) ಪ್ರಕಾರ ಧರ್ಮದ ಹೆಸರಲ್ಲಿ ವೋಟ್ ಕೇಳೋದು ಭ್ರಷ್ಟ ಆಚರಣೆ, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಏಳು ಜಡ್ಜ್‌ಗಳ ಪೀಠದ ಬಹುಮತದ ತೀರ್ಪು ಇದಕ್ಕೆ ಅಭ್ಯರ್ಥಿಯ ಧರ್ಮ ಅಷ್ಟೇ ಅಲ್ಲ ಮತದಾರನ ಧರ್ಮವೂ ಸೇರುತ್ತೆ ಅಂತ ಹೇಳ್ತು. ಮೊದಲ ಕೂಟದಲ್ಲೇ ಒಂದು ಕಟ್ಟುನಿಟ್ಟು ಮಾಡ್ಕೊಳ್ರಿ, ಮೊದಲ ಅರ್ಧ ಗಂಟೆ ಯಾವ ಪಾರ್ಟಿ ಹೆಸರೂ ಯಾವ ಲೀಡರ್ ಹೆಸರೂ ಬರಬಾರದು. ಮೊದಮೊದಲು ಜನಕ್ಕೆ ಬಾಯಿ ಕಟ್ಟಿದಂಗಾಗುತ್ತೆ, ಆಮೇಲೆ ನೀರು, ರೇಷನ್, ಆಸ್ಪತ್ರೆ ಅಂತ ನಿಜವಾದ ವಿಷಯ ತಾನಾಗೇ ಹೊರಗೆ ಬರುತ್ತೆ.

ಮಾತು ದಾರಿ ತಪ್ಪದಂಗೆ ನೋಡ್ಕೊಳ್ಳೋಕೆ ಹಳೇ ವಿಧಾನ ಒಂದೈತೆ. ಬೆಲ್ಜಿಯಂನ ಜೋಸೆಫ್ ಕಾರ್ಡೈನ್ ಅನ್ನೋ ಗುರುಗಳು ಫ್ಯಾಕ್ಟರಿ ಹುಡುಗ ಹುಡುಗಿಯರ ಜೊತೆ ಕೆಲಸ ಮಾಡ್ತಾ ಬೆಳೆಸಿದ್ದು, ನೋಡು, ತೂಗು, ಮಾಡು. ಪೋಪ್ 23ನೇ ಯೋವಾನ್ನರು 1961ರ ಮಾತೆರ್ ಎತ್ ಮಜಿಸ್ತ್ರಾ ಪರಿಪತ್ರದಲ್ಲಿ ಇದನ್ನೇ ಅನುಸರಿಸ್ರಿ ಅಂತ ಹೇಳಿದ್ದಾರೆ.

ನೋಡು ಅಂದ್ರೆ ಟಿವಿ ನೋಡೋದಲ್ಲ, ಕಾಲಲ್ಲಿ ನಡ್ಕೊಂಡು ಹೋಗಿ ನೋಡೋದು. ನಮ್ಮೂರಿನ ಮಂಡಕ್ಕಿ ಭಟ್ಟಿನೇ ತಗೊಳ್ಳಾಣ. ಸಂಜೆ ಮಿರ್ಚಿ ಮಂಡಕ್ಕಿ ತಿನ್ನದ ದಾವಣಗೆರೆಯವರು ಯಾರಿದ್ದಾರೆ, ಆದ್ರೆ ಭಟ್ಟಿ ಏರಿಯಾ ಒಳಗೆ ಹೋದವರು ಎಷ್ಟು ಜನ? ಹೋಗ್ರಿ ಒಂದ್ಸಲ. ಕಾದ ಮರಳಲ್ಲಿ ಅಕ್ಕಿ ಹಾಕಿ ತಿರುವೋನ ಎದುರಿಗೆ ಬೆಂಕಿ, ತಲೆ ಮೇಲೆ ತಗಡು, ಮೈಯೆಲ್ಲಾ ಬೆವರು, ಹೊರಗಡೆ ಒಣಗಾಕಿದ್ದನ್ನ ಕೈಯಾಡಿಸ್ತಾ ಕೂತ ಅಮ್ಮನ ಸೆರಗಿಗೆ ಮಸಿ. ಒಲೆಗೆ ಏನ್ ಹಾಕ್ತೀರಿ, ಹೊಟ್ಟೋ ಕಟ್ಟಿಗೆನೋ ಹಳೇ ಟೈರೋ ಅಂತ ಕೇಳ್ರಿ, ದಿನದ ಕೂಲಿ ಎಷ್ಟು ಅಂತ ಕೇಳ್ರಿ, ಮಳೆಗಾಲದಲ್ಲಿ ಏನ್ ಮಾಡ್ತೀರಿ, ಮಕ್ಕಳಿಗೆ ಕೆಮ್ಮು ಬರುತ್ತಾ ಅಂತ ಕೇಳ್ರಿ. ಭಟ್ಟಿ ಮಾಲೀಕನ್ನೂ ಬಿಡಬೇಡ್ರಿ, ಅವನ ಸಾಲ ಅವನ ಕಷ್ಟ ಅವನಿಗಿರುತ್ತೆ. ಅಲ್ಲಿ ಹೆಚ್ಚಿನವು ಮುಸ್ಲಿಂ ಮನೆಗಳು, ನಮ್ಮ ಧರ್ಮಕೇಂದ್ರದ ರಿಜಿಸ್ಟರಲ್ಲಿ ಅವರ್ಯಾರ ಹೆಸರೂ ಇರಲ್ಲ. ಅದಕ್ಕೇ ಅಲ್ಲಿಂದ ಶುರು ಮಾಡ್ರಿ ಅಂತಿರೋದು. ಸೆಪ್ಟೆಂಬರ್ 8ಕ್ಕೆ ಹರಿಹರದ ಚರ್ಚಲ್ಲಿ ಆರೋಗ್ಯ ಮಾತೆ, ಅಂದ್ರೆ ಯೇಸುವಿನ ತಾಯಿ ಮರಿಯಮ್ಮನ, ಹಬ್ಬಕ್ಕೆ ಎಲ್ಲಾ ಜಾತಿ ಎಲ್ಲಾ ಧರ್ಮದವರೂ ಹರಕೆ ಹೊತ್ಕೊಂಡು ಬರ್ತಾರೆ, ಯಾರನ್ನೂ ನೀನ್ಯಾರು ಅಂತ ಮಾತೆ ಕೇಳಲ್ಲ, ಅವರ ಬೀದಿಗೆ ನಾವು ಹೋಗೋಕೆ ಯಾಕೆ ಹಿಂದೆಮುಂದೆ ನೋಡ್ಬೇಕು.

ತೂಗೋದೇ ಇದರಲ್ಲಿ ಕಷ್ಟದ ಭಾಗ. ಮುಂದಿನ ಕೂಟಕ್ಕೆ ಬೈಬಲ್ಲಿನ ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯ ಓದಿಸ್ರಿ, ಹಸಿದಿದ್ದೆ ನನಗೆ ಊಟ ಕೊಟ್ರಿ ಅನ್ನೋ ಭಾಗ, ಓದಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರ್ರಿ. ಆಮೇಲೆ ಚರ್ಚೆ. ಹೊಗೆ ನಿಲ್ಲಬೇಕು ಅಂತ ಒಬ್ಬರು, ಭಟ್ಟಿ ಮುಚ್ಚಿದ್ರೆ ಕೂಲಿ ಎಲ್ಲಿಂದ ಅಂತ ಇನ್ನೊಬ್ಬರು, ಇಬ್ಬರದ್ದೂ ನ್ಯಾಯನೇ. ಪೋಪ್ 13ನೇ ಲಿಯೋ ಅವರು 1891ರ ರೇರುಂ ನೊವಾರುಂ ಪರಿಪತ್ರದಲ್ಲಿ ಕೂಲಿಗಾರನ ಜೀವನ ನಡೆಯುವಷ್ಟು ಸಂಬಳ ಕೊಡಬೇಕು ಅಂದ್ರು, ಪೋಪ್ ಫ್ರಾನ್ಸಿಸ್ 2015ರ ಲೌದಾತೊ ಸಿ ಪರಿಪತ್ರದಲ್ಲಿ ಭೂಮಿಯ ಅಳು ಬಡವರ ಅಳು ಎರಡನ್ನೂ ಕೇಳಿಸ್ಕೋಬೇಕು ಅಂದ್ರು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದ್ರೆ ಭಟ್ಟಿ ಮುಚ್ಚಿಸ್ರಿ ಅನ್ನೋ ಬೇಡಿಕೆ ಬಿದ್ದೋಗುತ್ತೆ, ಹೊಗೆ ಕಮ್ಮಿ ಆಗೋ ಒಲೆ, ಅದಕ್ಕೆ ಸಬ್ಸಿಡಿ, ಎತ್ತರದ ಚಿಮಣಿ, ಕೆಲಸದವರ ಆರೋಗ್ಯ ತಪಾಸಣೆ ಅನ್ನೋ ಬೇಡಿಕೆ ಉಳಿಯುತ್ತೆ. ಚಿತ್ರದುರ್ಗದ ಕಡೆಯವರಿಗೆ ಇದೇ ರೀತಿ ಬೋರ್‌ವೆಲ್ ನೀರಿನ ಫ್ಲೋರೈಡ್ ವಿಷಯ ಐತೆ, ಊರಿನ ಶುದ್ಧ ನೀರಿನ ಘಟಕ ಓಡ್ತೈತಾ ಕೆಟ್ಟು ನಿಂತೈತಾ ಅಂತ ಹೋಗಿ ನೋಡೋದ್ರಿಂದ ಶುರು ಮಾಡಬಹುದು.

ಇನ್ನು ಮಾಡೋದು. ಪೋಪ್ 11ನೇ ಪಿಯುಸ್ 1931ರಲ್ಲಿ ಒತ್ತಿ ಹೇಳಿದ ಒಂದು ತತ್ವ ಇಲ್ಲಿ ಕೆಲಸಕ್ಕೆ ಬರುತ್ತೆ, ಕೆಳಗಿನ ಹಂತದಲ್ಲಿ ಆಗೋ ಕೆಲಸನ ಮೇಲಿನವರು ಕಿತ್ಕೋಬಾರದು. ಅಂದ್ರೆ ಎಂಎಲ್ಎ ಮನೆ ಬಾಗಿಲಿಗೆ ಓಡೋಕಿಂತ ಮುಂಚೆ ವಾರ್ಡ್, ಪಾಲಿಕೆ, ಮಾಲಿನ್ಯ ನಿಯಂತ್ರಣ ಮಂಡಳಿ ಕಚೇರಿ. ಹಳ್ಳಿಯವರಾದ್ರೆ ಗ್ರಾಮ ಸಭೆ, ಅದು ಆರು ತಿಂಗಳಿಗೊಮ್ಮೆಯಾದ್ರೂ ನಡೀಲೇಬೇಕು, ಅಲ್ಲಿ ಎದ್ದು ನಿಂತು ಮಾತಾಡಿದ್ದು ನಡಾವಳಿ ಪುಸ್ತಕದಲ್ಲಿ ಬರೆಸ್ರಿ. ಮಾಹಿತಿ ಬೇಕಾದ್ರೆ ಆರ್‌ಟಿಐ ಅರ್ಜಿ, 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡಬೇಕು, ಬಿಪಿಎಲ್ ಕಾರ್ಡ್ ಇದ್ರೆ ಶುಲ್ಕನೂ ಇಲ್ಲ. ಬೇಡಿಕೆಯ ಅರ್ಜಿ ಧರ್ಮಕೇಂದ್ರದ ಲೆಟರ್‌ಹೆಡ್‌ನಲ್ಲಿ ಬೇಡ, ಭಟ್ಟಿ ಏರಿಯಾದವರೂ ನೀವೂ ಒಟ್ಟಿಗೆ ಸಹಿ ಹಾಕ್ರಿ, ಮೊದಲನೇ ಸಹಿ ಅವರದ್ದಿರಲಿ.

ವೋಟಿನ ಮಾತು ಕೊನೆಗೆ. ಯಾರು ಮನೆಗೆ ಬಂದ್ರೂ ಕೂರಿಸಿ ನೀರು ಕೊಡ್ರಿ, ಸೀರೆ, ಕವರ್ ಮಾತ್ರ ವಾಪಸ್ ಕಳಿಸ್ರಿ, ಎಲ್ಲಾ ಪಾರ್ಟಿಯವರಿಗೂ ಅದೇ ಪ್ರಶ್ನೆ ಕೇಳ್ರಿ, ಭಟ್ಟಿ ಹೊಗೆಗೆ ಏನ್ ಮಾಡ್ತೀರಣ್ಣ, ಯಾವಾಗ ಮಾಡ್ತೀರಿ. ಏನಂದ್ರು ಅಂತ ಒಂದು ನೋಟ್‌ಬುಕ್‌ನಲ್ಲಿ ತಾರೀಖು ಹಾಕಿ ಬರೆದಿಡ್ರಿ. ಯಾರಿಗೆ ಹಾಕಬೇಕು ಅನ್ನೋದನ್ನ ಕೂಟದಲ್ಲಿ ತೀರ್ಮಾನ ಮಾಡಬೇಡ್ರಿ, ಅದು ಅವರವರ ಮನಸ್ಸಾಕ್ಷಿಗೆ ಬಿಟ್ಟಿದ್ದು, ಗಂಡ ಒಂದು ಕಡೆ ಹೆಂಡತಿ ಒಂದು ಕಡೆ ಹಾಕಿದ್ರೂ ಪಾಪ ಏನಿಲ್ಲ. ರಿಸಲ್ಟ್ ಬಂದ ಮೇಲೆ ಯಾರೇ ಗೆದ್ದಿರಲಿ ಆ ನೋಟ್‌ಬುಕ್ ಹಿಡ್ಕೊಂಡು ಹೋಗೋಕೆ ಇಬ್ಬರನ್ನ ಈಗಲೇ ಗೊತ್ತು ಮಾಡ್ರಿ, ಒಬ್ಬರು ನಮ್ಮವರು, ಒಬ್ಬರು ಭಟ್ಟಿ ಏರಿಯಾದವರು, ಮತ್ತೆ ಅರ್ಜಿ ಕೊಟ್ಟ ದಿನದ ಸ್ವೀಕೃತಿ ಸೀಲ್ ಇರೋ ಜೆರಾಕ್ಸ್ ಇಬ್ಬರ ಮನೆಯಲ್ಲೂ ಒಂದೊಂದು ಇರಲಿ.