ಕಲ್ಲಿಗೆ ನಿಂಬೆರಸ ಹಿಂಡಿ ನೋಡುವ ಅಭ್ಯಾಸ

ಮನೆ ಕಟ್ಟಿಸುವ ಕೆಲಸಕ್ಕೆ ಇಳಿದ ಹೊಸದರಲ್ಲಿ ಕಲ್ಲು ಎಂದರೆ ನನಗೆ ಬಣ್ಣ ಮತ್ತು ದರ, ಅಷ್ಟೇ. ಒಂದು ಅಡುಗೆಮನೆಗೆ ಶಹಾಬಾದ್ ಕಲ್ಲು ಹಾಸಿಸಿದ್ದೆ. ಸಿಮೆಂಟಿನ ಕಲೆ ಹೋಗಲೆಂದು ಆಸಿಡ್ ಹಾಕಿ ತೊಳೆಯಲು ನಾನೇ ಹೇಳಿದೆ. ಬಿದ್ದ ಕಡೆಯೆಲ್ಲ ಬುಸ್ಸೆಂದು ನೊರೆ ಎದ್ದಿತು. ಒರೆಸಿ ನೋಡಿದರೆ ನುಣುಪೆಲ್ಲ ಹೋಗಿ ನೆಲ ಬೂದಿ ಬಳಿದಂತಾಗಿತ್ತು. ನನ್ನ ಖರ್ಚಿನಲ್ಲೇ ಮತ್ತೆ ಪಾಲಿಶ್ ಮಾಡಿಸಿಕೊಟ್ಟೆ.

ಶಹಾಬಾದ್ ಕಲ್ಲು ಸುಣ್ಣಕಲ್ಲು. ಕಲಬುರಗಿ ಸೀಮೆಯಲ್ಲಿ ಬಹಳ ಹಿಂದೆ ಆಳವಿಲ್ಲದ ಸಮುದ್ರವಿತ್ತು. ಅದರ ತಳದಲ್ಲಿ ಪದರ ಪದರವಾಗಿ ಕೂತ ಸುಣ್ಣದ ಕೆಸರೇ ಗಟ್ಟಿಯಾಗಿ ಈ ಕಲ್ಲಾಯಿತು. ಅದಕ್ಕೇ ಅದು ಹಲಗೆಯಂತೆ ಬಿಡಿಸಿಕೊಳ್ಳುತ್ತದೆ, ಅದಕ್ಕೇ ಹುಳಿ ತಾಗಿದರೆ ಕರಗುತ್ತದೆ.

ಆವತ್ತಿನಿಂದ ನನ್ನ ಚೀಲದಲ್ಲಿ ಒಂದು ನಿಂಬೆಹಣ್ಣು, ಒಂದು ಮೊಳೆ ಇದ್ದೇ ಇರುತ್ತವೆ. ಮೊಳೆಯಿಂದ ಗೀರಿ, ಎದ್ದ ಪುಡಿಯ ಮೇಲೆ ರಸ ಹಿಂಡಿ, ಕಿವಿಗೊಟ್ಟು ಕೇಳುತ್ತೇನೆ. ಸುಣ್ಣಕಲ್ಲಾದರೆ ಸಣ್ಣಗೆ ಚಿರಚಿರ ಎನ್ನುತ್ತದೆ. ರಾಜಸ್ಥಾನದ ಮಕ್ರಾನಾ ಅಮೃತಶಿಲೆಯೂ ಹಾಗೆಯೇ. ತಾಜ್‌ಮಹಲಿಗೆ ಹೋದ ಆ ಶಿಲೆ ಮೂಲದಲ್ಲಿ ಸುಣ್ಣಕಲ್ಲೇ, ನೆಲದಾಳದ ಕಾವು ಒತ್ತಡಗಳಿಗೆ ಸಿಕ್ಕಿ ಹರಳುಗಟ್ಟಿದ್ದು.

ಗ್ರಾನೈಟಿನ ಮುಂದೆ ನಿಂಬೆಯ ಆಟ ನಡೆಯದು. ಅಲ್ಲಿ ನೋಡಬೇಕಾದ್ದು ಹರಳು. ಇಳಕಲ್ಲಿನ ಕೆಂಪು ಗ್ರಾನೈಟಿನಲ್ಲಿ ಹರಳುಗಳು ಬರಿಗಣ್ಣಿಗೇ ಕಾಣುತ್ತವೆ, ಕರಗಿದ ಶಿಲೆ ಆಳದಲ್ಲಿ ನಿಧಾನವಾಗಿ ಆರಿದ್ದರ ಗುರುತು ಅದು. ಗೋಲ್‌ಗುಂಬಜಿನ ಕಪ್ಪುಗಲ್ಲು ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನಿನ ಮೇಲೆ ಹರಿದ ಲಾವಾ ಬೇಗ ಆರಿತು, ಹರಳು ಬೆಳೆಯಲು ಹೊತ್ತೇ ಸಿಗಲಿಲ್ಲ. ಬೆಂಗಳೂರಿನ ಲಾಲ್‌ಬಾಗ್ ಬಂಡೆ ಇವೆರಡಕ್ಕಿಂತ ಹಳೆಯದು, ಸುಮಾರು 300 ಕೋಟಿ ವರ್ಷದ್ದು; ಕಾವು ಒತ್ತಡಗಳಿಗೆ ಸಿಕ್ಕಿ ಪಟ್ಟೆ ಪಟ್ಟೆಯಾದ ಇಂಥ ಶಿಲೆಗೆ ನೈಸ್ (gneiss) ಎನ್ನುತ್ತಾರೆ. ಕೆಲಸಕ್ಕೆ ಸೇರುವ ಹುಡುಗರನ್ನು ಮೊದಲು ಅಲ್ಲಿಗೇ ಕರೆದೊಯ್ದು, ಅದರ ಕಪ್ಪು ಬಿಳಿ ಪಟ್ಟೆಗಳ ಮೇಲೆ ಬೆರಳಾಡಿಸಿ ನೋಡಲು ಹೇಳುತ್ತೇನೆ.

ಕರಾವಳಿಯ ಮುರಕಲ್ಲು ನನಗೆ ತುಂಬ ಇಷ್ಟ. ಮಳೆ ಬಿಸಿಲಿಗೆ ಬಂಡೆಯೇ ಕೊಳೆತು, ಉಳಿದದ್ದೆಲ್ಲ ತೊಳೆದುಹೋಗಿ, ಕಬ್ಬಿಣ ಅಲ್ಯೂಮಿನಿಯಂ ನಿಂತ ಮಣ್ಣಿನಂಥ ಕಲ್ಲು. ಕಡಿಯುವಾಗ ಮೆತ್ತಗೆ, ಗಾಳಿ ತಾಗಿದ ಮೇಲೆ ಗಟ್ಟಿ. ಈಸ್ಟ್ ಇಂಡಿಯಾ ಕಂಪನಿಗಾಗಿ ಈ ಸೀಮೆ ಸುತ್ತಿ ಸಮೀಕ್ಷೆ ಮಾಡಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ, ಲ್ಯಾಟಿನ್ನಿನಲ್ಲಿ ಇಟ್ಟಿಗೆ ಎಂಬ ಅರ್ಥದ ಪದದಿಂದ. ಕಡಿದ ಕಲ್ಲನ್ನು ಒಣಗಲು ಬಿಡದೆ ಗೋಡೆಗೆ ಏರಿಸುವವರ ಜೊತೆ ನಾನು ಇವತ್ತಿಗೂ ಜಗಳವಾಡುತ್ತೇನೆ.

ಬಾದಾಮಿ ಕಡೆಯ ಮರಳುಗಲ್ಲಿನ ಪಾಠ ಹೇಳಿಕೊಟ್ಟವರು ಒಬ್ಬ ಹಿರಿಯ ಕಲ್ಲುಕುಟಿಗರು. “ಹುಟ್ಟಿದಾಗ ಹ್ಯಾಂಗ ಮಲಗಿತ್ತೋ ಹಂಗ ಮಲಗಸ್ರಿ” ಎಂದರು. ಪದರ ನೆಟ್ಟಗೆ ನಿಂತರೆ ಮಳೆನೀರು ಸಂದಿಗೆ ಇಳಿದು ಕಲ್ಲು ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಈಗ ಲಾರಿಯಿಂದ ಇಳಿದ ಪ್ರತಿ ಕಲ್ಲಿಗೂ ಒಂದು ಚೊಂಬು ನೀರು ಸುರಿಯುತ್ತೇನೆ. ನೆಂದಾಗ ಪದರದ ಗೆರೆ ಎದ್ದು ಕಾಣುತ್ತದೆ. ಆರುವುದರೊಳಗೆ ಸೀಮೆಸುಣ್ಣದಿಂದ ಯಾವ ಮುಖ ಮೇಲೆಂದು ಬಾಣ ಬರೆದುಬಿಡುತ್ತೇನೆ.