ಉರಿಯುವ ಜಾಗದಿಂದ ದೂರ: ನರದ ನೋವಿಗೆ ಸೂಜಿ ಹಾಕಿದ ನನ್ನ ಅನುಭವ

ಆ ರೋಗಿ ಒಳಗೆ ಬರುವಾಗಲೇ ಎರಡು ಬೆರಳಲ್ಲಿ ಅಂಗಿಯನ್ನು ಪಕ್ಕೆಯಿಂದ ಆಚೆಗೆ ಎಳೆದು ಹಿಡಿದುಕೊಂಡಿದ್ದರು. ಸರ್ಪಸುತ್ತಿನ ಗುಳ್ಳೆಗಳು ಒಣಗಿ ಐದು ತಿಂಗಳಾಗಿತ್ತು. ಚರ್ಮದ ಮೇಲೆ ಮಾಸಲು ಕಲೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಆದರೂ ಬಟ್ಟೆ ಸೋಕಿದರೆ ಕೆಂಡ ತಾಗಿದ ಹಾಗೆ ಉರಿ. ಫ್ಯಾನಿನ ಗಾಳಿಯನ್ನೂ ತಡೆಯಲಾಗುತ್ತಿರಲಿಲ್ಲ.

ಆಗ ನಾನು ಅಕ್ಯುಪಂಕ್ಚರ್ ಶುರು ಮಾಡಿ ಮೂರನೇ ವರ್ಷ. ಸೊಂಟನೋವು, ಕುತ್ತಿಗೆನೋವಿನವರನ್ನು ನೋಡಿ ಕೈ ಪಳಗಿತ್ತು. ಸ್ನಾಯು ಬಿಗಿದಿದ್ದರೆ ನೋವಿರುವ ಕಡೆಯೇ ಸೂಜಿ ಹಾಕಿ ಮೆಲ್ಲಗೆ ತಿರುಗಿಸಿದಾಗ ಬಿಗಿತ ಸಡಿಲವಾಗುವುದನ್ನು ಕಂಡಿದ್ದೆ. ಅದೇ ಲೆಕ್ಕದಲ್ಲಿ ಇವರಿಗೂ ಉರಿಯುವ ಪಟ್ಟಿಯ ಅಂಚಿಗೆ ಸುತ್ತಲೂ ಎಂಟು ಸೂಜಿ ಹಾಕಿ, ಸೂಜಿಗಳ ಮೂಲಕ ಸಣ್ಣ ಕರೆಂಟು ಹರಿಸುವ ಎಲೆಕ್ಟ್ರೋ ಯಂತ್ರದ ಕ್ಲಿಪ್ಪು ಸಿಕ್ಕಿಸಿ, ಕರೆಂಟನ್ನು ಜೋರಾಗಿಯೇ ಇಟ್ಟೆ. ಅವರು ಹಲ್ಲುಕಚ್ಚಿ ಸಹಿಸಿಕೊಂಡರು. ಮೂರು ದಿನ ಬಿಟ್ಟು ಬಂದವರು, “ಎರಡು ರಾತ್ರಿ ಕಣ್ಣಿಗೆ ಕಣ್ಣು ಹತ್ತಲಿಲ್ಲ ಡಾಕ್ಟ್ರೇ” ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನಿಸಿತು ನನಗೆ.

ನಾನು ತಪ್ಪಿದ್ದು ಎಲ್ಲಿ ಎಂಬುದು ನಿಧಾನವಾಗಿ ಹೊಳೆಯಿತು. ಸ್ನಾಯುವಿನ ನೋವಿನಲ್ಲಿ ನರ ಬರೀ ಸುದ್ದಿ ಮುಟ್ಟಿಸುತ್ತದೆ. ನರದ ನೋವಿನಲ್ಲಿ ಪೆಟ್ಟು ಬಿದ್ದಿರುವುದೇ ಆ ನರಕ್ಕೆ. ಅದು ಕಾರಣವಿಲ್ಲದೆ ಸಂಕೇತ ಕಳಿಸುತ್ತಲೇ ಇರುತ್ತದೆ, ಬೆನ್ನುಹುರಿ ಅದನ್ನು ಇನ್ನಷ್ಟು ಹಿಗ್ಗಿಸುತ್ತದೆ, ಕೊನೆಗೆ ಬರೀ ಸ್ಪರ್ಶವೂ ನೋವಾಗಿ ಕೇಳಿಸುತ್ತದೆ. ಇದಕ್ಕೆ ಅಲೊಡೈನಿಯಾ ಎನ್ನುತ್ತಾರೆ. ಅಷ್ಟು ರೊಚ್ಚಿಗೆದ್ದ ಜಾಗಕ್ಕೆ ಹೋಗಿ ನಾನು ಇನ್ನೂ ಎಂಟು ಸಂಕೇತ ಸೇರಿಸಿದ್ದೆ.

ಮುಂದಿನ ಮೂರು ಸಲ ಪಕ್ಕೆಯನ್ನು ಮುಟ್ಟಲೇ ಇಲ್ಲ. ಸೂಜಿ ಹಾಕಿದ್ದು ದೂರದ ಎರಡು ಬಿಂದುಗಳಿಗೆ: ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ, ಮುಂಗೈಯ ಹೊರಭಾಗದಲ್ಲಿ ಎರಡು ಎಲುಬುಗಳ ನಡುವಿನ ಜಿಗೌ ಬಿಂದು; ಮಂಡಿಯ ಕೆಳಗೆ ಹೊರಮಗ್ಗುಲಲ್ಲಿ ಸಣ್ಣ ಎಲುಬಿನ ತಲೆ ಕೈಗೆ ಸಿಗುತ್ತದಲ್ಲ, ಅದರ ಮುಂದಿನ ತಗ್ಗಿನ ಯಾಂಗ್‌ಲಿಂಗ್‌ಚ್ವಾನ್. ಪಕ್ಕೆಯ ನೋವಿಗೆ ಹಳೆಯ ಚೀನೀ ಪದ್ಧತಿಯಲ್ಲಿ ಇವೆರಡೂ ಜೋಡಿ. ಸೂಜಿ 0.20 ಮಿ.ಮೀ. ದಪ್ಪದ್ದು. ಒಳಗೆ ಹೋದ ಮೇಲೆ ತಿರುಗಿಸದೆ ಕಾಯುತ್ತಿದ್ದೆ. “ಭಾರ ಆಯ್ತು, ಜೋಮು ಹಿಡಿದ ಹಾಗಿದೆ” ಎಂದ ಕೂಡಲೇ ಕೈ ಬಿಡುತ್ತಿದ್ದೆ. ಆ ಭಾರಕ್ಕೆ ದೇ ಚಿ ಎಂದು ಹೆಸರು. ಮಿಂಚು ಹೊಡೆದ ಹಾಗೆ ಸುರ್ರೆಂದರೆ ಅದು ದೇ ಚಿ ಅಲ್ಲ, ಸೂಜಿ ನರಕ್ಕೇ ತಾಗಿದೆ, ಹಿಂದಕ್ಕೆ ಎಳೆಯಬೇಕು.

ನಾಲ್ಕನೇ ಸಲ ಬೆನ್ನಿಗೆ ಬಂದೆ. ಆ ನರ ಹೊರಡುವ ಮಟ್ಟದಲ್ಲಿ, ಬೆನ್ನೆಲುಬಿನ ಪಕ್ಕದಲ್ಲೇ, ಸೂಜಿಯ ತುದಿ ಬೆನ್ನೆಲುಬಿನ ಕಡೆಗೆ ಓರೆಯಾಗಿ, ಆಳಕ್ಕಿಳಿಸದೆ ಮೇಲ್ಮೇಲೆ. ಅಲ್ಲಿ ಆಳಕ್ಕೆ ಹೋಗುವುದು ಆಟವಲ್ಲ, ಒಳಗೆ ಶ್ವಾಸಕೋಶವಿದೆ. ಯಂತ್ರ 2 ಹರ್ಟ್ಜ್, ಅಂದರೆ ಸೆಕೆಂಡಿಗೆ ಎರಡು ಮಿಡಿತ, ಕರೆಂಟು ಗೊತ್ತಾಗಿಯೂ ಆಗದಷ್ಟು, 20 ನಿಮಿಷ. ಪೇಸ್‌ಮೇಕರ್ ಇದ್ದವರಿಗೆ ಯಂತ್ರವನ್ನು ಹಚ್ಚುವುದೇ ಇಲ್ಲ.

ನೋವು ಹತ್ತರಲ್ಲಿ ಎಷ್ಟು ಎಂದು ಕೇಳುವುದನ್ನೂ ಅಲ್ಲಿಂದ ಕಡಿಮೆ ಮಾಡಿದೆ. ಒಂದು ದಿನ ಏಳು, ಇನ್ನೊಂದು ದಿನ ಐದು, ಅದರಿಂದ ಏನೂ ತಿಳಿಯುತ್ತಿರಲಿಲ್ಲ. ರಾತ್ರಿ ಎಷ್ಟು ಹೊತ್ತು ಒಂದೇ ಸಮನೆ ಮಲಗಿದಿರಿ ಎಂದು ಕೇಳಿ ಬರೆದಿಟ್ಟೆ. ಒಂದೂವರೆ ಗಂಟೆಯಿಂದ ಶುರುವಾಗಿ ಎಂಟನೇ ಸಲದ ಹೊತ್ತಿಗೆ ನಾಲ್ಕು ಗಂಟೆ ಮುಟ್ಟಿತ್ತು. ಉರಿ ಪೂರ್ತಿ ಹೋಗಲಿಲ್ಲ, ಆದರೆ ಅಂಗಿ ಹಿಡಿದ ಬೆರಳು ಸಡಿಲವಾಗಿದ್ದವು. ನರದ ನೋವಿಗೆ ಕೊಡುವ ಪ್ರಿಗ್ಯಾಬಲಿನ್ ಮಾತ್ರೆ ಮೊದಲಿನ ಹಾಗೇ ನಡೆದಿತ್ತು. ಅದನ್ನು ಕಡಿಮೆ ಮಾಡುವುದು ಬರೆದುಕೊಟ್ಟ ವೈದ್ಯರ ಕೆಲಸ. ಇದರಲ್ಲಿ ಸೂಜಿಯ ಪಾಲೆಷ್ಟು, ಮಾತ್ರೆಯ ಪಾಲೆಷ್ಟು, ಕಾಲವೇ ಮಾಗಿಸಿದ್ದೆಷ್ಟು ಎಂದು ಒಬ್ಬರನ್ನು ನೋಡಿ ಹೇಳಲಾಗದು. ನರದ ನೋವಿಗೆ ಅಕ್ಯುಪಂಕ್ಚರ್ ಕುರಿತ ಅಧ್ಯಯನಗಳನ್ನು ಜಾಲಾಡಿದ, ಚಿಕಿತ್ಸೆಗಳ ಪುರಾವೆ ತೂಗುವ ಕೊಕ್ರೇನ್ ಸಂಸ್ಥೆಯ 2017ರ ವಿಮರ್ಶೆಯೂ ಹೌದು ಎನ್ನಲು, ಅಲ್ಲ ಎನ್ನಲು ಪುರಾವೆ ಸಾಲದು ಎಂದೇ ಹೇಳಿತು. ಬಂದವರಿಗೆ ಇದನ್ನು ಮೊದಲೇ ಹೇಳುತ್ತೇನೆ.

ಸಕ್ಕರೆ ಕಾಯಿಲೆಯ ಉರಿಪಾದದವರಾದರೆ ಸೂಜಿಗೂ ಮುಂಚೆ ಬೆರಳ ಸಂದುಗಳನ್ನು ಬಿಡಿಸಿ ನೋಡುತ್ತೇನೆ, ಗಾಯವಾಗಿದ್ದರೂ ಅವರಿಗೆ ತಿಳಿದಿರುವುದಿಲ್ಲ. ಸಯಾಟಿಕಾ, ಅಂದರೆ ಸೊಂಟದಿಂದ ಕಾಲಿಗಿಳಿಯುವ ನರದ ನೋವು, ಎಂದು ಬಂದವರ ಪಾದ ಮೇಲಕ್ಕೆ ಏಳುತ್ತಿಲ್ಲವೆಂದರೆ, ಮೂತ್ರದ ಹತೋಟಿ ತಪ್ಪಿದ್ದರೆ, ತೊಡೆಸಂದು ಮರಗಟ್ಟಿದ್ದರೆ ಸೂಜಿ ಪೊಟ್ಟಣವನ್ನೇ ಬಿಚ್ಚುವುದಿಲ್ಲ, ಆಗಿಂದಾಗಲೇ ಆಸ್ಪತ್ರೆಗೆ ಕಳಿಸುತ್ತೇನೆ. ಉಳಿದವರಿಗೆ ಆರು ಸಲದ ಗಡುವು. ಅಷ್ಟರೊಳಗೆ ನಿದ್ದೆ ಅರ್ಧ ಗಂಟೆಯಷ್ಟೂ ಹೆಚ್ಚದಿದ್ದರೆ, ಏಳನೆಯದಕ್ಕೆ ಬರಬೇಡಿ ಎಂದು ನಾನೇ ಹೇಳುತ್ತೇನೆ.